ಕುಣಿಗಲ್ ಬಸ್ಸಿನಲ್ಲಿ ಬಾಡಿದ ವೀಳ್ಯದೆಲೆ

ತುಮಕೂರಿನ ಮರಳೂರಲ್ಲಿರುವ ಮನೆಯಿಂದ ಹೊರಟು ವೀಳ್ಯದೆಲೆ ಕೊಳ್ಳಲು ಗುಬ್ಬಿ ತಲುಪಿದಾಗ ಇನ್ನೂ ತಂಪಿತ್ತು. ಅಂದು ಸಂಜೆ ಕುಣಿಗಲ್‌ನಲ್ಲಿ ನನ್ನ ತಂಗಿಯ ಮಗಳ ನಿಶ್ಚಿತಾರ್ಥ. ತಟ್ಟೆ ಬದಲಾಯಿಸುವಾಗ ಇಡುವ ವೀಳ್ಯದೆಲೆ ನನ್ನ ಜವಾಬ್ದಾರಿ. ಬಾಡಿದ ಎಲೆ ಇಟ್ಟರೆ ಗಂಡಿನ ಕಡೆಯವರು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಮೇಲೆ ಹೊಸದು, ಒಳಗೆ ಹಳೆಯದು ಇಟ್ಟಿರಬಹುದೆಂದು ಅಂಗಡಿಯಲ್ಲೇ ಕಟ್ಟು ಬಿಚ್ಚಿಸಿ ಪ್ರತಿ ಎಲೆಯನ್ನೂ ತಿರುಗಿಸಿ ನೋಡಿದೆ.

"ಎಲೆ ನೋಡ್ತಿದೀರೋ, ಹೆಣ್ಣು ನೋಡ್ತಿದೀರೋ ಸಾರ್?" ಎಂದ ಅಂಗಡಿಯವನು. ನೋಡಿ ಮುಗಿಸಿ ಎಲೆ ತುಂಬಿಸಿಕೊಂಡೆ. ಪ್ಲಾಸ್ಟಿಕ್ ಚೀಲಕ್ಕೆ ನಾನೇ ಗಂಟು ಬಿಗಿದೆ.

ತುಮಕೂರಿನಲ್ಲಿ ಇಡ್ಲಿ ತಿಂದು ಮಧ್ಯಾಹ್ನದ ಕುಣಿಗಲ್ ಬಸ್ ಹತ್ತಿದೆ. ಹಿರಿಯರ ರಿಯಾಯಿತಿಗೆ ಆಧಾರ್ ತೋರಿಸಿ, ಡ್ರೈವರ್ ಕಡೆಯ ಕಿಟಕಿಯ ಬಳಿ ಕುಳಿತೆ. ಪಕ್ಕಕ್ಕೆ ಬಂದು ಕುಳಿತವರು ಬೆಳಿಗ್ಗೆ ಗುಬ್ಬಿಯ ಅದೇ ಅಂಗಡಿಯಲ್ಲಿ ನನ್ನ ಹಿಂದೆ ನಿಂತು ಎಲೆ ಕೊಂಡಿದ್ದ ಹೆಂಗಸು. ಅವರ ಚೀಲವೂ ಅಂಥದೇ. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗೆ ತಳ್ಳಿದರು.

"ಯಜಮಾನ್ರೇ, ನಿಮ್ದೂ ಕೆಳಗಿಟ್ಬುಡಿ. ಬಿಸ್ಲು ಬೀಳ್ತೈತೆ."

ನನ್ನ ಚೀಲ ಅವರ ಚೀಲದ ಪಕ್ಕಕ್ಕೆ ಹೋಗಲೆಂದು ಇವರಿಗೇಕೆ ಇಷ್ಟು ಆತುರ? ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹೆಬ್ಬೂರು ದಾಟುವ ಹೊತ್ತಿಗೆ ಪಶ್ಚಿಮದ ಬಿಸಿಲು ನೇರವಾಗಿ ಮಡಿಲಿಗೇ ಬೀಳುತ್ತಿತ್ತು.

ಕುಣಿಗಲ್‌ನಲ್ಲಿ ಇಳಿದು ನೋಡಿದರೆ ಚೀಲದ ಒಳಗೆಲ್ಲ ನೀರಿನ ಹನಿ. ಎಲೆಗಳು ಒದ್ದೆ ಕರವಸ್ತ್ರದಂತೆ ಜೋತುಬಿದ್ದಿದ್ದವು. ಆ ಹೆಂಗಸನ್ನು ನಿಲ್ಲಿಸಿ ಅವರ ಚೀಲ ಬಿಚ್ಚಿಸಿದೆ. ಎಲೆ ಗರಿಗರಿಯಾಗಿತ್ತು.

"ಚೀಲ ಬದಲಾಯಿಸಿದಿರಾ?"

"ಅಯ್ಯೋ ನಿಮ್ಮ! ತೊಡೆ ಮೇಲಿಂದ ಮಗೂನ್ ಥರ ಇಳಿಸ್ಲೇ ಇಲ್ವಲ್ಲ, ನಾನೆಂಗ್ ಬದಲಾಯಿಸ್ಲಿ?"

ಗಂಟು ನೋಡಿದೆ. ನಾನು ಬಿಗಿದದ್ದೇ. ಚೀಲದೊಳಗೆ ಯಾರೂ ನೀರು ಹಾಕಿರಲಿಲ್ಲ. ಅದು ಎಲೆಯ ನೀರೇ. ಬಿಸಿ ಏರಿದಷ್ಟೂ ಎಲೆ ತನ್ನ ಸಣ್ಣ ರಂಧ್ರಗಳಿಂದ ಬೇಗ ಬೇಗ ನೀರು ಬಿಡುತ್ತದೆ. ಬಳ್ಳಿಯಲ್ಲಿದ್ದಾಗ ಬೇರು ಅದನ್ನು ತುಂಬಿಕೊಡುತ್ತದೆ. ಕಿತ್ತ ಎಲೆಗೆ ಆ ಆಸರೆಯಿಲ್ಲ. ಕಳ್ಳರಿಂದ ಕಾಪಾಡಲು ಹೋಗಿ ನಾನೇ ಅದನ್ನು ಬಿಸಿಲಿಗೆ ಹಿಡಿದಿದ್ದೆ.

ಸಂಜೆಯ ಶಾಸ್ತ್ರದ ವಿಷಯ ಹೇಳಿದೆ. ಅವರು ತಮ್ಮ ಚೀಲವನ್ನೇ ಮುಂದೆ ಚಾಚಿದರು. "ತಗಳಿ. ನಮ್ದು ಮನೇಲಿ ಅಗಿಯಾಕೆ ತಾನೆ? ನಿಮ್ದು ನನಗ್ ಕೊಡಿ, ನೀರಿಗಾಕ್ಕತೀನಿ."

"ಇದರಲ್ಲಿ ನಿಮಗೇನು ಲಾಭ?" ಎಂದು ಕೇಳಿಯೇಬಿಟ್ಟೆ. ಅವರು ಹಣೆ ಚಚ್ಚಿಕೊಂಡರು. ನಾನು ಅಲ್ಲಿಯೇ ಅವರ ಎಲೆಗಳನ್ನೂ ತಿರುಗಿಸಿ ನೋಡತೊಡಗಿದೆ.

"ನೋಡಿ, ನೋಡಿ. ಬಿಸ್ಲಲ್ಲಿ ನಿಂತು ಇವನ್ನೂ ಬಾಡಿಸ್ಬುಡಿ!"

ಸಂಜೆ ತಟ್ಟೆ ಬದಲಾದಾಗ ಹುಡುಗನ ಸೋದರತ್ತೆ ಎಲೆಯ ತೊಟ್ಟು ಮುರಿದು ನೋಡಿದರು. ಟಕ್ಕೆಂದಿತು. ಅವರು ತಲೆಯಾಡಿಸಿ ತಟ್ಟೆ ತೆಗೆದುಕೊಂಡರು.

ಮರುದಿನ ತುಮಕೂರಿಗೆ ಹಿಂದಿರುಗುವಾಗ ನೆರಳಿನ ಕಡೆ ಕುಳಿತು, ತಂಗಿ ಕೊಟ್ಟ ತಾಂಬೂಲದ ಚೀಲವನ್ನು ಸೀಟಿನ ಕೆಳಗೆ ಇಟ್ಟೆ. ಹೆಬ್ಬೂರಿನವರೆಗೂ ಬಗ್ಗಿ ಬಗ್ಗಿ ನೋಡುತ್ತಲೇ ಇದ್ದೆ.