ಸಿದ್ದಕಾಕಾ ಹೇಳುವ ಮೊದಲೇ

ಸದಲಗಾದಲ್ಲಿ ಯಾರೇ ತೀರಿಕೊಂಡರೂ ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳಿಗೆ ಸುದ್ದಿ ಮುಟ್ಟಿಸುವವನು ಹಾಲಸಿದ್ದ. ನಾವೆಲ್ಲ ಸಿದ್ದಕಾಕಾ ಅನ್ನುತ್ತೇವೆ. ನಲವತ್ತು ವರ್ಷಗಳಿಂದ ಅದೇ ಕೆಲಸ; ಯಾರೂ ಹಚ್ಚಿದ್ದಲ್ಲ. ಹೋದ ಮನೆಯಲ್ಲಿ ನೀರು ಕೂಡ ಕುಡಿಯುವುದಿಲ್ಲ. ಬಾಗಿಲಲ್ಲಿ ನಿಂತು, “ಅಪ್ಪಗ ಸ್ವಲ್ಪ ತ್ರಾಸ್ ಆಗೇತಿ ತಂಗಿ, ಲಗೂ ನಡಿ,” ಎನ್ನುತ್ತಾನೆ. ತವರಿನ ಅಂಗಳ ಮುಟ್ಟುವ ಮೊದಲು ಯಾವ ಮಗಳಿಗೂ ‘ಸತ್ತರು’ ಎಂದು ಹೇಳಿದವನಲ್ಲ. ದಾರಿಯಲ್ಲಿ ಅವಳಿಗೇನಾದರೂ ಆದರೆ ಹೊಣೆ ಯಾರು?

ಹೋದ ತಿಂಗಳು ಈಶ್ವರ ಕಬ್ಬಿಗೆ ನೀರು ಹಾಯಿಸುತ್ತಲೇ ಕುಸಿದು ತೀರಿಕೊಂಡ. ಒಬ್ಬಳೇ ಮಗಳು ಕೋಮಲ ಕಾಗವಾಡದ ಸೊಸೆ, ಏಳು ತಿಂಗಳ ಬಸುರಿ. ಮೊದಲ ಬಸಿರು ನಿಂತಿರಲಿಲ್ಲ. “ಯಾರೂ ಫೋನ್ ಮಾಡಬ್ಯಾಡ್ರಿ, ನಾ ಹೋಗಿ ಕರಕೊಂಡ ಬರ್ತೀನಿ,” ಎಂದು ಮನೆಮಂದಿಗೆಲ್ಲ ಎರಡೆರಡು ಸಲ ಹೇಳಿ ಸಿದ್ದಕಾಕಾ ನನ್ನ ಬೈಕಿನ ಹಿಂದೆ ಕೂತ.

ಫೋನ್ ಯಾರೂ ಮಾಡಲಿಲ್ಲ, ಖರೆ. ಈಶ್ವರನ ಅಣ್ಣನ ಮಗ ಭರತ ಇದ್ದಾನಲ್ಲ, ಚಿಕ್ಕೋಡಿ ಕಾಲೇಜಿನ ಶಾಣ್ಯಾ, ಅವನು ಕಸಿನ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಬರೆದ: ‘ಕಾಕಾ ಆಫ್ ಹೋ ಗಯೇ ಯಾರ್. ಆರ್‌ಐಪಿ. ಸಂಡೇ ಕಾ ಸೀನ್ ಕ್ಯಾನ್ಸಲ್.’ ಅಂದರೆ ಕಾಕಾ ಹೋದ, ಭಾನುವಾರದ ಮೋಜು ರದ್ದು. ಅದರ ಕೆಳಗೆ ಒಬ್ಬ, ‘ಸೆಡ್ ಲೈಫ್ ಭಾಯ್.’ ಇನ್ನೊಬ್ಬ ಬರೇ ‘ಎಫ್’. ಅದು ಇವರ ಶ್ರದ್ಧಾಂಜಲಿಯಂತೆ, ಥೂ! ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಎರಡೂ ಬಾಯಿತುಂಬ ಬರುತ್ತವೆ ಈ ಹುಡುಗರಿಗೆ. ಮನೆಯ ಸಾವಿಗೆ ಮಾತ್ರ ಯಾರದೋ ರೀಲ್ಸಿನ ಎಂಜಲೇ ಬೇಕಾಯಿತು. ಆ ಗ್ರೂಪಿನಲ್ಲಿ ಕೋಮಲಳೂ ಇದ್ದಾಳೆ ಎನ್ನುವಷ್ಟೂ ನೆನಪಿರಲಿಲ್ಲವೇ ಇವರ ಹಾಳು ತಲೆಗೆ?

ನಾವು ಮುಟ್ಟಿದಾಗ ಅವಳು ಹೊಸ್ತಿಲ ಮೇಲೆ ಕುಸಿದು ಕೂತಿದ್ದಳು, ಅತ್ತೆ ಹಿಂದಿನಿಂದ ಹಿಡಿದುಕೊಂಡಿದ್ದಳು. ಕೋಮಲ ಫೋನ್ ಚಾಚಿದಳು. ಸಿದ್ದಕಾಕಾನಿಗೆ ಓದಲು ಬಾರದು. ನಾನು ನೋಡಿ ತಲೆ ತಗ್ಗಿಸಿದೆ, ಅವನಿಗೆ ತಿಳಿದುಹೋಯಿತು.

“ಕಾಕಾ, ನೀವು ಎಲ್ಲಾರಿಗೂ ಒಂದ್ ಮಾತ ಹೇಳ್ತೀರಲ್ಲ, ಅದನ್ನ ನನಗೂ ಹೇಳ್ರಿ,” ಎಂದಳು. “ಅಂದ್ರ ಎದ್ದ ಬರ್ತೀನಿ.”

“ಅಪ್ಪಗ... ಸ್ವಲ್ಪ ತ್ರಾಸ್ ಆಗೇತಿ, ತಂಗಿ.”

ಇಷ್ಟು ವರ್ಷಗಳಲ್ಲಿ ಮೊದಲ ಸಲ ಸಿದ್ದಕಾಕಾ ಬಾಗಿಲಲ್ಲೇ ನಿಂತು ಅತ್ತ.

ಅವಳ ಗಂಡ ಬಾಡಿಗೆ ಗಾಡಿ ಮಾಡಿ, ನಿಧಾನವಾಗಿ ಸದಲಗಾಕ್ಕೆ ಕರೆತಂದ. ದೇವರ ದಯೆ, ಹೊಟ್ಟೆಯ ಕೂಸಿಗೆ ಏನೂ ಆಗಲಿಲ್ಲ. ಅಂಗಳದಲ್ಲಿ ಭರತ ಫೋನ್ ಹಿಡಿದೇ ನಿಂತಿದ್ದ. ಸಿದ್ದಕಾಕಾ ಅವನ ರಟ್ಟೆ ಹಿಡಿದೆಳೆದು ಕೋಮಲಳ ಮುಂದೆ ನಿಲ್ಲಿಸಿದ.

“ಏನ್ ಬರದಿದ್ದೆಲೇ? ಓದ.”

“ಸಾರಿ ಕಾಕಾ... ಎಲ್ಲಾರೂ ಹಂಗ ಬರೀತಾರ.”

“ಹಂಗಾದ್ರ ಹಂಗ ಓದ! ಇಕಿ ಮಾರಿ ನೋಡಿ, ಬಾಯಿಬಿಟ್ಟ ಓದ!”

ಭರತ ಫೋನ್ ತೆರೆದ. ಅಂಗಳದ ಜನವೆಲ್ಲ ಅವನನ್ನೇ ನೋಡಿತು. ಕೋಮಲ ಕೂಡ ಅಳು ನಿಲ್ಲಿಸಿ ನೋಡಿದಳು.

“ಕಾಕಾ...” ಎಂದು ಮೊದಲ ಶಬ್ದ ಓದಿದ. ಅದರ ಮುಂದಿನ ಒಂದು ಶಬ್ದವೂ ಅವನ ಬಾಯಿಂದ ಹೊರಡಲಿಲ್ಲ.