ಹುಳದ ಮನೆಯ ಬಾಗಿಲಲ್ಲಿ ಒಂದು ಸಹಿ

ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಸಂಶೋಧನಾ ಫೆಲೋಶಿಪ್ ಹುಡುಕಿ ಅರ್ಜಿ ಹಾಕಿಸುವುದು ನನ್ನ ಕೆಲಸ. ಅವತ್ತು ಐದು ಗಂಟೆಗೆ ಪೋರ್ಟಲ್ ಮುಚ್ಚುತ್ತಿತ್ತು. ರೇಷ್ಮೆಹುಳದ ರೋಗದ ಬಗ್ಗೆ ಸಂಶೋಧನೆಗೆ ಹೊರಟಿದ್ದ ಸವಿತಾಳ ಸಹಿಯೊಂದು ಬಾಕಿ, ಫೋನ್ ಎತ್ತುತ್ತಿಲ್ಲ. ಬೈಕಿನಲ್ಲಿ ವಿರೂಪಾಕ್ಷಿಪುರದ ಅವಳ ಮನೆ ತಲುಪಿದಾಗ ನಾಲ್ಕೂವರೆ. ಪಕ್ಕದಲ್ಲೇ ರೇಷ್ಮೆ ಸಾಕುವ ಹುಳದ ಮನೆಗೆ ನುಗ್ಗಹೋದೆ. ಅವಳ ತಾಯಿ ಅಡ್ಡ ನಿಂತರು.

"ಹಂಗೇ ಬರ್ಬೇಡಿ ಸಾ. ಹುಳ ಗೂಡು ಕಟ್ಟೋ ಹೊತ್ತು."

"ಒಂದೇ ಸಹಿ ಅವ್ವ, ಟೈಮಿಲ್ಲ! ಅವಳನ್ನೇ ಕರೀರಿ."

"ಅವ್ಳು ಗೂಡಿಗೆ ಬಿಡಕ್ಕೆ ಹಣ್ಣಾದ ಹುಳ ಆರಿಸ್ತಾವ್ಳೆ, ಬರಕ್ಕಾಗಲ್ಲ. ಒಸಿ ಕೈಕಾಲು ತೊಳ್ಕೊಂಡು, ರೋಗ ಬರ್ದಂಗೆ ಬಾಗ್ಲಲ್ಲಿ ಹಾಕಿರೋ ಆ ಸುಣ್ಣ ತುಳ್ದು ಬನ್ನಿ."

ಮೈಯೆಲ್ಲ ಉರಿದರೂ ತೊಳೆದೆ, ತುಳಿದೆ. ಸವಿತಾ ಸಹಿ ಹಾಕಿದಳು; ಐದಕ್ಕೆ ಎರಡು ನಿಮಿಷವಿರುವಾಗ ನನ್ನ ಫೋನಿನಿಂದಲೇ ಅರ್ಜಿ ಹೋಯಿತು. ಆಮೇಲೆ ಅದರ ಮೊದಲ ಸಾಲು ಕಣ್ಣಿಗೆ ಬಿತ್ತು: "ಹೊರಗಿನವರು ಕಾಲು ತೊಳೆಯದೆ ಒಳಬರುವುದರಿಂದಲೇ ರೋಗ ಹರಡುತ್ತದೆ."

ಆ ಸಾಲನ್ನು ತಿದ್ದಿಕೊಟ್ಟವನು ನಾನೇ.