ಸೀಟು ಖಾಲಿ ಇರುವ ಬಾಗಿಲು

"ನನಗೆ ಅರಮನೆ ಬೇಡಪ್ಪ. ಒಂದು ಕೋಣೆ ಸಾಕು. ಆದ್ರೆ ಬಾಗಿಲಿಗೆ ಗಟ್ಟಿ ಚಿಲಕ ಇರ್ಬೇಕು, ಮೆಟ್ಟಿಲ ಮೇಲೆ ದೀಪ ಉರೀಬೇಕು. ಎದುರು ಮನೇಲಿ ಸಂಸಾರಸ್ಥರು ಇರ್ಬೇಕು. ದಿನಕ್ಕೊಂದು ಮುಖ ಬಂದು ಹೋಗೋ ಕಡೆ ಹೆಣ್ಣುಮಗೂನ ಕಟ್ಕೊಂಡು ನಾನಿರಲ್ಲ. ನಮ್ಮನೆಯವರು ಲಾರಿ ಹತ್ತಿದ್ರೆ ವಾರಗಟ್ಲೆ ಈ ಕಡೆ ತಲೆ ಹಾಕಲ್ಲ. ಆಮೇಲೆ, ಇಲ್ಲಿನ ಸರ್ಕಾರಿ ಶಾಲೆ ಯಾವ ಮನೆಗಳ ಮಕ್ಕಳನ್ನ ಸೇರಿಸ್ಕೊಳ್ಳತ್ತೆ ಅಂತ ಒಂದು ಗೆರೆ ಇದ್ಯಲ್ಲ, ಮನೆ ಅದರ ಒಳಗೇ ಇರ್ಬೇಕು. ಗೆರೆಯಿಂದ ಒಂದು ಬಾಗಿಲು ಆಚೆಗಿದ್ರೂ ನನಗೆ ಬೇಡ. ನಗ್ಬೇಡ ನೀನು. ನನ್ನ ಮಗಳು ಹುಟ್ಟಿದಾಗಿಂದ ಊರಲ್ಲಿ ಅಜ್ಜಿ ಹತ್ರ ಬೆಳೆದೋಳು. ಹೊಸ ವರ್ಷಕ್ಕೆ ನಾನು ಹೋದ್ರೆ ಬಾಗಿಲ ಸಂದಿಯಿಂದ ನೋಡಿ, 'ಅಜ್ಜೀ, ಯಾರೋ ಅತ್ತೆ ಬಂದವ್ರೆ' ಅಂತಿದ್ಲು. ಹೆತ್ತೋಳು ನಾನು, ಯಾರೋ ಅತ್ತೆ. ಈಗ ಕರ್ಕೊಂಡು ಬಂದಿದ್ದೀನಿ. ಬರೋ ವರ್ಷ ಕಳೆದು ಅದರ ಮುಂದಿನ ವರ್ಷ ಒಂದನೇ ಕ್ಲಾಸು. ಸೀಟು ಸಿಕ್ಕಿದ್ರೆ ನನ್ನ ಹತ್ರ ಇರ್ತಾಳೆ. ಸಿಗದಿದ್ರೆ ಮತ್ತೆ ಊರಿಗೆ. ಇಷ್ಟೇ ವಿಷಯ."

ಹೊಲಿಗೆ ಯಂತ್ರದ ಮೇಲಿಂದ ಕಣ್ಣೆತ್ತದೆ ತಾನ್ ಜೂಶಿಯಾಂಗ್ ಮನೆ ದಲ್ಲಾಳಿಗೆ ಇಷ್ಟನ್ನೂ ಹೇಳಿದಳು. ಚೀನಾದ ಹುನಾನ್ ಪ್ರಾಂತ್ಯದಿಂದ ಬಂದ ಹೆಂಗಸು. ಶೆಂಝೆನ್ನಿನ ಹಳೆಯ ಬಡಾವಣೆಯೊಂದರ ತರಕಾರಿ ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಅವಳದೊಂದು ಗೂಡು. ಪ್ಯಾಂಟಿನ ಅಂಚು ಮಡಚುವುದು, ಜಿಪ್ಪು ಹಾಕುವುದು, ಮಕ್ಕಳ ಸಮವಸ್ತ್ರವನ್ನು ಅಳತೆಗೆ ತರುವುದು ಅವಳ ಕಸುಬು. ಮಗಳು ರುಯಿ ಚಿಂದಿ ಬಟ್ಟೆಯ ಗುಡ್ಡೆಯ ಮೇಲೆ ಕುಳಿತು ಗುಂಡಿ ಪೋಣಿಸುತ್ತಿದ್ದಳು.

"ಅಕ್ಕ, ನಿಮಗೆ ಮನೆ ಹುಡುಕೋದಕ್ಕಿಂತ ನನಗೆ ಹೆಣ್ಣು ಹುಡುಕೋದು ಸಲೀಸು" ಎಂದ ದಲ್ಲಾಳಿ.

"ಮೊದಲು ಮನೆ ಹುಡುಕು. ಹೆಣ್ಣು ನಾನು ನೋಡ್ತೀನಿ" ಎಂದಳು ಅವಳು.

ಚಪ್ಪಲಿ ಸವೆಸಿದ ಮೇಲೆ ಸಿಕ್ಕಿದ್ದು ಮಾಕ್ ಅಜ್ಜಿಯ ಮನೆ. ಮೂರನೆಯ ಮಹಡಿಯಲ್ಲಿ ಅಜ್ಜಿ ಒಬ್ಬಳೇ ಇದ್ದಳು. ನಾಲ್ಕನೆಯದರಲ್ಲಿ ಬಾಡಿಗೆಯ ಎರಡು ಕೋಣೆ. ಎದುರು ಬಾಗಿಲಿನವರು ಗಂಡ ಹೆಂಡತಿ, ಇಬ್ಬರೂ ಆಸ್ಪತ್ರೆಯಲ್ಲಿ ನರ್ಸುಗಳು. ಮೆಟ್ಟಿಲಿಗೆ ದೀಪ, ಬಾಗಿಲ ಮುಂದೆ ಇನ್ನೊಂದು ಜಾಲರಿ ಬಾಗಿಲು, ಕಿಟಕಿ ತೆರೆದರೆ ಶಾಲೆಯ ಮಕ್ಕಳ ಕವಾಯತಿನ ಹಾಡು. ಜೂಶಿಯಾಂಗ್ ಕೇಳಿದ್ದೆಲ್ಲ ಅಲ್ಲಿತ್ತು.

ಕೇಳಬೇಕಾದದ್ದು ಒಂದು ಉಳಿದಿತ್ತು. ಆ ಪಟ್ಟಣದಲ್ಲಿ ಒಂದು ಬಾಗಿಲಿಗೆ ಶಾಲೆಯಲ್ಲಿ ಒಂದು ಮಗುವಿನ ಜಾಗ. ಒಂದು ಮಗು ಸೇರಿತೆಂದರೆ ಆರು ವರ್ಷ ಆ ಬಾಗಿಲಿಂದ ಬೇರೆ ಸಂಸಾರದ ಮಗುವಿಗೆ ಪ್ರವೇಶವಿಲ್ಲ. ಕೆಲವರು ಆ ಜಾಗವನ್ನು ಗುಟ್ಟಾಗಿ ಮಾರಿಕೊಳ್ಳುವುದೂ ಉಂಟು. ಚಹಾ ಬಗ್ಗಿಸಿ ಕೊಡುತ್ತಿರುವ ಹಿರಿಯಳ ಮುಖ ನೋಡಿ 'ನಿಮ್ಮ ಮನೆಯ ಸೀಟು ಖಾಲಿ ಇದೆಯೆ' ಎಂದರೆ 'ಮಾರಿಕೊಂಡಿದ್ದೀರಾ' ಎಂದು ಕೇಳಿದ ಹಾಗೆ. ಜೂಶಿಯಾಂಗ್ ಸುತ್ತು ಬಳಸಿ ಬಂದಳು.

"ಮನೇಲಿ ಮಕ್ಕಳ ಗದ್ದಲ ಇದ್ದಿದ್ರೆ ಚೆನ್ನಾಗಿರ್ತಿತ್ತು ಅಲ್ವಾ ಅಜ್ಜಿ?"

"ಎಲ್ಲಿ ಬಂತು ಮಗಳೆ. ನನ್ನ ಮಗ ಕೆನಡಾಕ್ಕೆ ಹೋದ ಮೇಲೆ ಈ ಮನೇಲಿ ಒಂದು ಮಗು ಮಲಗೆದ್ದಿಲ್ಲ" ಎಂದಳು ಅಜ್ಜಿ. ಹೇಳಿದ್ದು ನಿಜವೇ. ಜೂಶಿಯಾಂಗಳ ಮನಸ್ಸು ತಣ್ಣಗಾಯಿತು.

ಚಳಿಗಾಲವೆಲ್ಲ ಅಲ್ಲಿ ಸುಖವಾಗಿ ಕಳೆಯಿತು. ರುಯಿ ಅಜ್ಜಿಯ ಮನೆಯಲ್ಲೇ ಅರ್ಧ ದಿನ ಇರುತ್ತಿದ್ದಳು. ಬಾಡಿಗೆಯ ನೋಂದಣಿಗೆ ಒಂದು ವರ್ಷ ತುಂಬಿದರೆ ಮಾತ್ರ ಶಾಲೆಯಲ್ಲಿ ಅರ್ಜಿ ಹಾಕಬಹುದು. ಆದರೆ ಅಂಚು ಮಡಚಿಸಿಕೊಳ್ಳುವ ಗಿರಾಕಿಗಳ ಗಡಿಬಿಡಿಯಲ್ಲಿ, ಗಂಡ ಬಂದಾಗ ಇಬ್ಬರೂ ಹೋದರಾಯಿತೆಂದು ಜೂಶಿಯಾಂಗ್ ಆ ನೋಂದಣಿಯನ್ನೇ ವಸಂತದವರೆಗೆ ತಳ್ಳಿದ್ದಳು. ಅಂಗಿ ರಿಪೇರಿಗೆ ಬಂದ ಪಾನ್ ಎಂಬ ತಾಯಿ ಒಂದು ದಿನ ಕೇಳಿದಳು, "ಬಾಗಿಲ ನಂಬರ್ ಫೋನಲ್ಲಿ ಹಾಕಿದ್ರೆ ಸೀಟು ಖಾಲಿಯೋ ತುಂಬಿದ್ಯೋ ತೋರಿಸತ್ತೆ. ನೋಡಿದ್ಯಾ?"

"ಯಾಕೆ? ಅಜ್ಜಿ ಮನೇಲಿ ಮಕ್ಕಳೇ ಇಲ್ಲ."

"ಅಯ್ಯೋ ಪಾಪದೋಳೆ, ಅಜ್ಜಿ ಮಾತು ಶಾಲೇಲಿ ನಡೆಯಲ್ಲ. ನೋಡು ಮೊದಲು."

ಮನೆಗೆ ಹೋದವಳೇ ಜೂಶಿಯಾಂಗ್, ಬಾಗಿಲ ಪಕ್ಕ ಮೊಳೆ ಹೊಡೆದ ತಗಡಿನ ಅಂಕಿಗಳನ್ನು ಫೋನಿನಲ್ಲಿ ಒಂದೊಂದಾಗಿ ಒತ್ತಿದಳು. ಜಾಗ ತುಂಬಿದೆ, ಇನ್ನೂ ನಾಲ್ಕು ವರ್ಷ ಬಿಡುವಿಲ್ಲ ಎಂದು ಫೋನು ಹೇಳಿತು.

ಕೆಳಗಿಳಿದು ಹೋದಾಗ ಮಾಕ್ ಅಜ್ಜಿ ಸೊಪ್ಪು ಸೋಸುತ್ತಿದ್ದಳು.

"ಅಜ್ಜಿ, ನಮ್ಮ ಬಾಗಿಲ ಮೇಲೆ ಯಾವ ಮಗು ಶಾಲೆಗೆ ಹೋಗ್ತಿದೆ?"

ಅಜ್ಜಿಯ ಕೈ ನಿಂತಿತು. "ಮೈದುನನ ಮೊಮ್ಮಗ. ಅವನಪ್ಪ ಹಬ್ಬಕ್ಕೆ ಬಂದೋನು ಮೇಲಿನ ಮನೆ ಪತ್ರ ಒಂದು ಗಳಿಗೆ ಬೇಕು ಅಂದ, ಕೊಟ್ಟೆ. ಆ ಹುಡುಗ ಇಲ್ಲಿ ಒಂದು ತುತ್ತು ಉಂಡಿಲ್ಲ. ಇದರಿಂದ ನಿನ್ನ ಮಗೂಗೆ ಅಡ್ಡ ಆಗತ್ತೆ ಅಂತ ನನಗೆ ಗೊತ್ತಿರಲಿಲ್ಲ ಕಣೆ."

"ಅವರನ್ನ ಕೇಳಿ. ಹುಡುಗನ್ನ ಬೇರೆ ಶಾಲೆಗೆ ಹಾಕಿದ್ರೆ ಜಾಗ ಬಿಡತ್ತಂತೆ."

ಅಜ್ಜಿ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. "ನಮ್ಮನೆಯವರು ಹೋದಾಗ ನನ್ನ ಮಗನಿಗೆ ವಿಮಾನ ಸಿಗಲಿಲ್ಲ. ನಮ್ಮಲ್ಲಿ ಹೆಣದ ಮುಖ ತೊಳೆಯೋ ನೀರನ್ನ ಮಗನೇ ಕಾಸು ಹಾಕಿ ಕೊಂಡು ತರ್ಬೇಕು; ಮಗನ ಜಾಗದಲ್ಲಿ ನಿಂತು ತಂದೋನು ಈ ಹುಡುಗನ ಅಪ್ಪ. ಅವನಿಗೆ ನಾನು ಯಾವ ಬಾಯಲ್ಲಿ ಹೇಳ್ಲಿ?"

ಜೂಶಿಯಾಂಗ್ ಬೈಯಬೇಕೆಂದೇ ಇಳಿದು ಬಂದಿದ್ದಳು. ಆ ಮಾತು ಕೇಳಿದ ಮೇಲೆ ಬೈಯದೆ ಮೆಟ್ಟಿಲು ಹತ್ತಿದಳು. ಅಂಥ ಋಣಕ್ಕೆ ಎದುರು ಮಾತಿಲ್ಲವೆಂಬುದು ಅವಳಿಗೂ ಗೊತ್ತಿತ್ತು.

ಗಂಡ ಫೋನಿನಲ್ಲಿ, "ಊರಿಗೆ ಕಳಿಸ್ಬಿಡು. ನಮ್ಮಮ್ಮ ಹೆಂಗೂ ಇದ್ದಾಳಲ್ಲ. ನಾವಿಬ್ರೂ ಹಂಗೇ ಬೆಳೆದ್ವಿ, ಸತ್ತೋದ್ವಾ?" ಎಂದ.

"ಸಾಯಲಿಲ್ಲ. ನೀನು ನಿಮ್ಮಮ್ಮನ ಹತ್ರ ಕೂತು ನಾಲ್ಕು ಮಾತಾಡಿದ್ದು ನಾನು ಕಂಡಿಲ್ಲ" ಎಂದಳು ಅವಳು.

ಮುಂದಿನ ವಸಂತದ ಅರ್ಜಿಗೆ ವರ್ಷ ತುಂಬಬೇಕೆಂದರೆ ಈ ತಿಂಗಳು ಮುಗಿಯುವುದರೊಳಗೆ ಬಾಡಿಗೆ ನೋಂದಣಿಯಾಗಬೇಕಿತ್ತು. ದಲ್ಲಾಳಿ ತೋರಿಸಿದ ಒಳ್ಳೆಯ ಬಾಗಿಲುಗಳೆಲ್ಲ ತುಂಬಿದ್ದವು. ಈ ಸಲ ಅವಳು ಒಳಗೆ ಕಾಲಿಡುವ ಮೊದಲೇ ತಗಡಿನ ಅಂಕಿ ಒತ್ತುತ್ತಿದ್ದಳು. ಖಾಲಿಯೆಂದು ಬಂದದ್ದು ಮಾರುಕಟ್ಟೆ ಹಿಂದಿನ ಓಣಿಯಲ್ಲಿ, ಎರಡು ಕಟ್ಟಡಗಳ ನಡುವೆ ಬಿಸಿಲು ಬೀಳದ ನೆಲಮನೆ. ಮೇಲಿನ ಮಹಡಿಗಳಲ್ಲಿ ಒಂಟಿ ಗಂಡಸರು, ಪಾಳಿಯಂತೆ ಬಂದು ಮಲಗಿ ಹೋಗುವವರು. ಕಿಟಕಿ ತೆರೆದರೆ ಎದುರು ಗೋಡೆ.

ಬೀಗ ತೆಗೆದ ಕಾವಲುಗಾರ ಹೇಳಿದ, "ಮಕ್ಕಳಿರೋರು ಯಾರೂ ಇಲ್ಲಿಗೆ ಬರಲ್ಲಮ್ಮ. ಅದಕ್ಕೇ ಸೀಟು ಹಂಗೇ ಐತೆ."

ಮೆಟ್ಟಿಲ ಮೇಲೆ ಬನಿಯನ್ ತೊಟ್ಟು ಸಿಗರೇಟು ಸೇದುತ್ತಿದ್ದವನೊಬ್ಬ ಅವರು ಬಂದಾಗ ಹೇಗೆ ನೋಡುತ್ತಿದ್ದನೋ ಹೊರಟಾಗಲೂ ಹಾಗೇ ನೋಡುತ್ತಿದ್ದ. ರುಯಿ ತಾಯಿಯ ಅಂಗಿಯ ಅಂಚು ಹಿಡಿದು ಅಂಟಿಕೊಂಡಳು. ಜೂಶಿಯಾಂಗ್ ಓಣಿಯ ತುದಿಯವರೆಗೆ ಹೋದಳು, ಅಲ್ಲಿ ನಿಂತಳು. ಆಮೇಲೆ ತಿರುಗಿ ಬಂದು, "ಚಿಲಕ ಹೊಸದು ಹಾಕಿಸ್ಕೊಡಿ. ಎರಡು" ಎಂದಳು.

ಗಂಟುಮೂಟೆ ಕಟ್ಟುವಾಗ ಮಾಕ್ ಅಜ್ಜಿ ಮೇಲೆ ಬಂದಳು. "ಕಾಗದ ಅಲ್ಲಿರ್ಲಿ ಕಣೆ, ನೀವು ಇಲ್ಲೇ ಮಲಗಿ. ಯಾರು ನೋಡ್ತಾರೆ?"

"ಶಾಲೆಯೋರು ನೋಡ್ತಾರೆ ಅಜ್ಜಿ. ಹೇಳದೆ ಕೇಳದೆ ಬಂದು ಬಾಗಿಲು ತಟ್ಟುತ್ತಾರಂತೆ. ಮಗುವಿನ ಹಲ್ಲುಜ್ಜೋ ಬ್ರಷ್ಷು, ಹಾಸಿಗೆ, ಒಗೆದ ಬಟ್ಟೆ, ಎಲ್ಲ ನೋಡ್ತಾರಂತೆ. ಸುಳ್ಳು ಅಂತ ಕಂಡ್ರೆ ಅಲ್ಲಿಗೆ ಮುಗೀತು. ಇದ್ರೆ ನಿಜವಾಗಿ ಇರ್ಬೇಕು."

"ಆ ಓಣೀಲಿ ಮಗೂಗೆ ಏನಾದ್ರೂ ಆದ್ರೆ?"

ಜೂಶಿಯಾಂಗ್ ಹಾಸಿಗೆಯ ಹಗ್ಗ ಎಳೆದು ಬಿಗಿದಳು. ಅಜ್ಜಿ ಕಣ್ಣೊರೆಸಿಕೊಂಡು ಗಂಟಿನ ಇನ್ನೊಂದು ತುದಿ ಹಿಡಿದಳು.

ಹೊಸ ಜಾಗದಲ್ಲಿ ರುಯಿ ಕಲಿತ ಮೊದಲ ಪಾಠ ಯಾರು ತಟ್ಟಿದರೂ ಬಾಗಿಲು ತೆಗೆಯಬಾರದು ಎಂಬುದು. ಒಂದು ಮಧ್ಯಾಹ್ನ ಯಾರೋ ತಟ್ಟಿದರು, ಹಿಡಿಕೆಯನ್ನೂ ತಿರುಗಿಸಿ ನೋಡಿದರು. ತಾಯಿ ಮಗಳು ಉಸಿರು ಬಿಗಿಹಿಡಿದು ಕುಳಿತರು. ನೋಡಲು ಬಂದವರೋ, ಕುಡಿದು ಬಾಗಿಲು ತಪ್ಪಿದವರೋ ಗೊತ್ತಾಗಲಿಲ್ಲ. ಹೆಜ್ಜೆ ದೂರವಾದ ಮೇಲೆ ಜೂಶಿಯಾಂಗಳಿಗೆ ಎರಡು ಭಯ ಒಟ್ಟಿಗೆ ಹಿಡಿದವು: ತೆಗೆದಿದ್ದರೆ ಏನಾಗುತ್ತಿತ್ತೋ, ತೆಗೆಯದೆ ಇದ್ದದ್ದರಿಂದ ಏನಾಗುವುದೋ.

"ಅಮ್ಮ, ನಾವು ಮನೇಲಿ ಇದ್ದೀವಿ ಅಂತ ಅವ್ರಿಗೆ ಹೆಂಗೆ ಗೊತ್ತಾಗತ್ತೆ?" ಎಂದು ರುಯಿ ಪಿಸುಗುಟ್ಟಿದಳು.

"ಬಟ್ಟೆ ಒಣಹಾಕ್ತೀವಲ್ಲ, ಅದನ್ನ ನೋಡಿ" ಎಂದಳು ತಾಯಿ.

ದಕ್ಷಿಣದ ಗಾಳಿ ತಿರುಗಿ ಗೋಡೆಗಳು ಬೆವರುವ ಕಾಲ ಅದು. ನೆಲದ ಮೇಲೂ ನೀರು ಜಿನುಗಿತ್ತು. ಜೂಶಿಯಾಂಗ್ ಮಗಳ ಪುಟ್ಟ ಅಂಗಿಗಳನ್ನು ಕಿಟಕಿಯ ಸರಳಿಗೆ, ಹೊರಗೆ ಕಾಣುವಂತೆ, ನೇತುಹಾಕಿದಳು. ಆಮೇಲೆ ಹಳೆಯ ಬಟ್ಟೆ ತೆಗೆದುಕೊಂಡು, ಹಾಸಿಗೆಯ ಪಕ್ಕದ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಒರೆಸಿ, ಬಕೆಟ್ಟಿಗೆ ಹಿಂಡಿ, ಮತ್ತೆ ಒರೆಸತೊಡಗಿದಳು.